ಅಂಗಳದ ಮಾರಾಟ: ಶಿವಮೊಗ್ಗಕ್ಕೆ ಹೊಸದಾಗಿ ಬಂದ ಮನೆಯವರಿಗೆ

ಲಾರಿಯವರು ಸಾಮಾನು ಇಳಿಸಿ ಹೋದ ಮೇಲೆ ಹೊಸಬರ ಮನೆಯಲ್ಲಿ ಕೇಳುವುದು ಒಂದೇ ಮಾತು: "ಇದನ್ನೆಲ್ಲ ಎಲ್ಲಿ ಇಡೋದು?" ಬೆಂಗಳೂರಿನ ಫ್ಲ್ಯಾಟಿನ ಸೋಫಾ ಇಲ್ಲಿನ ಹೆಂಚಿನ ಮನೆಯ ಬಾಗಿಲಲ್ಲಿ ಹಿಡಿಸುವುದಿಲ್ಲ. ಮೂರು ಮಿಕ್ಸಿ ಇರುತ್ತವೆ, ಒಂದೂ ನೆಟ್ಟಗೆ ತಿರುಗುವುದಿಲ್ಲ. ತೊಟ್ಟಿಲು ಇರುತ್ತದೆ, ಅದರಲ್ಲಿ ಮಲಗಿದ್ದ ಮಗು ಈಗ ಹೈಸ್ಕೂಲಿನಲ್ಲಿರುತ್ತದೆ.

ಇದಕ್ಕೆ ನಮ್ಮ ಬಡಾವಣೆಯ ಕನ್ನಡ ಸಂಘ ಕಂಡುಕೊಂಡ ದಾರಿ ಅಂಗಳದ ಮಾರಾಟ. ಬೇಡದ ಸಾಮಾನನ್ನು ಒಂದು ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಹರಡಿ, ಬೆಲೆ ಚೀಟಿ ಅಂಟಿಸಿ, ಮಧ್ಯಾಹ್ನದೊಳಗೆ ಮಾರಿ ಮುಗಿಸುವುದು. ಅಮೆರಿಕದಲ್ಲಿ ಇದಕ್ಕೆ ಯಾರ್ಡ್ ಸೇಲ್ ಅನ್ನುತ್ತಾರೆ. ಮಗಳ ಬಾಣಂತನಕ್ಕೆ ಅಲ್ಲಿಗೆ ಹೋಗಿ ಬಂದ ನಮ್ಮ ಹಿರಿಯರೊಬ್ಬರು ಇಲ್ಲೂ ಶುರು ಮಾಡಿಸಿದರು.

ನಾನು ಚಿತ್ರದುರ್ಗದ ಕಡೆಯವಳು. ಇಲ್ಲಿಗೆ ಬಂದು 11 ವರ್ಷ ಆಯಿತು. ಮೊದಲ ಮಾರಾಟದಲ್ಲಿ ಮಾಡಬಾರದ್ದನ್ನೆಲ್ಲ ಮಾಡಿದ್ದೇನೆ. ಇದನ್ನು ಬರೆಯಲು ಸಂಘದವರು ನನಗೇ ಹೇಳಿದ್ದು ಬಹುಶಃ ಅದಕ್ಕೇ.

ಮೊದಲು ಅಕ್ಕಪಕ್ಕದವರಿಗೆ ಹೇಳಿ

ಇದು ಮೊದಲ ಕೆಲಸ, ಬೆಲೆ ಚೀಟಿ ಅಲ್ಲ. ಮಲೆನಾಡಿನಲ್ಲಿ ಹಳೇ ಸಾಮಾನನ್ನು ಯಾರೂ ಮಾರುವುದಿಲ್ಲ. ಅಟ್ಟಕ್ಕೆ ಹಾಕುತ್ತಾರೆ. ಇಲ್ಲವೇ ತೋಟದ ಕೆಲಸಕ್ಕೆ ಬರುವವರಿಗೆ ಕೊಡುತ್ತಾರೆ. ಮನೆಯ ಪಾತ್ರೆ ಅಂಗಳಕ್ಕೆ ಬಂತು ಅಂದರೆ ಏನೋ ಕಷ್ಟ ಬಂದಿದೆ ಅಂತಲೇ ಲೆಕ್ಕ.

ನಾನು ಯಾರಿಗೂ ಹೇಳದೆ ಬೆಳಿಗ್ಗೆ ಟೇಬಲ್ ಹಾಕಿಬಿಟ್ಟೆ. ಎಂಟು ಗಂಟೆಗೆ ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ ದನಿ ತಗ್ಗಿಸಿ, "ಏನಮ್ಮಾ, ಯಜಮಾನರ ಆರೋಗ್ಯ ಎಲ್ಲ ಸರಿ ಇದೆ ತಾನೆ?" ಅಂದರು. ಹತ್ತು ಗಂಟೆಗೆ ಹಾಲಿನವನು ಬಂದು ತಿಂಗಳ ಬಾಕಿ ಕೇಳಿದ. ಅವನು ಯಾವತ್ತೂ ಐದನೇ ತಾರೀಕಿಗೆ ಮೊದಲು ಕೇಳಿದವನಲ್ಲ. ಸಂಜೆಯೊಳಗೆ ನಮಗೆ ಸಾಲ ಆಗಿದೆ, ಮನೆ ಖಾಲಿ ಮಾಡುತ್ತಿದ್ದೇವೆ ಅಂತ ಎರಡು ರಸ್ತೆಗೆ ಸುದ್ದಿ ಮುಟ್ಟಿತ್ತು.

ಹಾಗಾಗಿ ಒಂದು ವಾರ ಮೊದಲೇ ಎಡಕ್ಕೆ ಐದು ಮನೆ, ಬಲಕ್ಕೆ ಐದು ಮನೆ ನೀವೇ ನಡೆದು ಹೋಗಿ ಹೇಳಿ. ವಾಟ್ಸಾಪ್ ಸಾಲದು. "ಸಾಮಾನು ಜಾಸ್ತಿ ಆಗಿದೆ, ನಿಮ್ಮದೂ ಏನಾದರೂ ಇದ್ದರೆ ತಂದಿಡಿ" ಅನ್ನಿ. ಅವರದ್ದೊಂದು ಹಳೇ ಫ್ಯಾನೋ ಕುಕ್ಕರೋ ನಿಮ್ಮ ಟೇಬಲ್ ಮೇಲೆ ಬಂದು ಕೂತರೆ ಸಾಕು. ಆಮೇಲೆ ಯಾರೂ ಯಾರ ಆರೋಗ್ಯವನ್ನೂ ವಿಚಾರಿಸುವುದಿಲ್ಲ. ಈಗ ಸಂಘದ ಮಾರಾಟದಲ್ಲಿ ಕನಿಷ್ಠ ಮೂರು ಮನೆ ಸೇರಬೇಕು ಅಂತ ಮಾಡಿದ್ದೇವೆ. ಒಬ್ಬರೇ ಮಾಡಬೇಡಿ.

ಯಾವ ದಿನ

ಫೆಬ್ರವರಿ, ಮಾರ್ಚ್ ಒಳ್ಳೆಯದು. ನವೆಂಬರಿನಿಂದ ಜನವರಿವರೆಗೆ ಅಡಕೆ ಕೊಯ್ಲು. ಸುಲಿಯುವುದು, ಬೇಯಿಸುವುದು, ಒಣಗಿಸುವುದು ಅಂತ ಹಳ್ಳಿ ಕಡೆಯವರಿಗೆ ಪುರುಸೊತ್ತೇ ಇರುವುದಿಲ್ಲ. ಅದು ಮುಗಿದ ಮೇಲೆ ಕೈಯಲ್ಲಿ ನಾಲ್ಕು ಕಾಸೂ ಇರುತ್ತದೆ, ಪೇಟೆಗೆ ಬರುವ ಮನಸ್ಸೂ ಇರುತ್ತದೆ. ಆದರೆ ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ನೋಡಿಕೊಳ್ಳಿ. ಪರೀಕ್ಷೆಗೆ ಓದುವ ಮಕ್ಕಳಿರುವ ಮನೆಯ ಮುಂದೆ ಗಲಾಟೆ ಬೇಡ.

ಏಪ್ರಿಲ್ ಮಧ್ಯಕ್ಕೆ ಅಶ್ವಿನಿ ಮಳೆ, ಅದರ ಹಿಂದೆಯೇ ಭರಣಿ. ನಮ್ಮ ಬಯಲುಸೀಮೆಯಲ್ಲಿ ಮೋಡ ನೋಡಿ ಖುಷಿ ಪಟ್ಟು ಸುಮ್ಮನಾಗುತ್ತೇವೆ. ಇಲ್ಲಿ ಮೋಡ ಕಂಡರೆ ಬಟ್ಟೆ ಎತ್ತಲು ಓಡಬೇಕು. ನಾನು ಮೇ ಮೊದಲ ವಾರ ಇಟ್ಟುಕೊಂಡಿದ್ದೆ. ಬಿಸಿಲು ಇಳಿದ ಮೇಲೆ ಜನ ಬರುತ್ತಾರೆ ಅಂತ ಸಂಜೆವರೆಗೂ ಕಾದೆ. ಮೂರೂವರೆಗೆ ಗಾಳಿ ಎದ್ದಿತು, ನಾಲ್ಕಕ್ಕೆ ದಪ್ಪ ಹನಿ. ಒಂದು ಟ್ರಂಕ್ ತುಂಬ ಪುಸ್ತಕ ತೆರೆದಿಟ್ಟಿದ್ದೆ. ಒಳಗೆ ಎಳೆದುಕೊಳ್ಳುವಷ್ಟರಲ್ಲಿ ಮೇಲಿನ ಸಾಲು ಗಂಜಿ ಆಗಿತ್ತು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯೋಚನೆಯನ್ನೇ ಬಿಟ್ಟುಬಿಡಿ. ಇಲ್ಲಿ ಇನ್ನೊಂದು ಮಾತು. ಪಾರ್ಟಿಕಲ್ ಬೋರ್ಡಿನ ಬೀರು, ಕಂಪ್ಯೂಟರ್ ಟೇಬಲ್ ತಂದಿದ್ದರೆ ಮೊದಲ ಮಳೆಗಾಲಕ್ಕೆ ಮುಂಚೆಯೇ ಮಾರಿ. ಜುಲೈ ಹೊತ್ತಿಗೆ ಅದರ ಕಾಲು ನೀರು ಕುಡಿದು ರಸ್ಕಿನ ಹಾಗೆ ಉಬ್ಬುತ್ತದೆ. ಚರ್ಮದ ಚಪ್ಪಲಿ, ಬೆಲ್ಟು, ಸೂಟ್‌ಕೇಸುಗಳಿಗೆ ಬೂಷ್ಟು ಹಿಡಿಯುತ್ತದೆ. ದೀಪಾವಳಿಗೆ ಮಾರೋಣ ಅಂತ ಇಟ್ಟುಕೊಂಡವರು ಯಾರೂ ಮಾರಿಲ್ಲ, ಒಲೆಗೆ ಹಾಕಿದ್ದಾರೆ.

ವಾರ ಅಂದರೆ ಭಾನುವಾರವೇ. ಶನಿವಾರ ರಜೆ ಇದೆ ಅಂತ ಬೆಂಗಳೂರಿನವರು ಇಟ್ಟುಕೊಳ್ಳುತ್ತಾರೆ. ಶನಿವಾರ ಕಬ್ಬಿಣ ಮನೆಗೆ ತರಬಾರದು ಅನ್ನುವವರು ಇಲ್ಲಿ ತುಂಬ ಜನ. ಜೊತೆಗೆ ಬೆಳಿಗ್ಗೆ 9ರಿಂದ 10:30 ರಾಹುಕಾಲ. ನೀವು ನಂಬುತ್ತೀರೋ ಬಿಡುತ್ತೀರೋ, ಕೊಳ್ಳುವವರು ನಂಬುತ್ತಾರೆ. ಭಾನುವಾರ ರಾಹುಕಾಲ ಸಂಜೆ 4:30ಕ್ಕೆ, ಅಷ್ಟರಲ್ಲಿ ನಿಮ್ಮ ಅಂಗಳ ಗುಡಿಸಿಯೂ ಆಗಿರುತ್ತದೆ. ಮೀನು, ಕೋಳಿ ತರಲು ಸ್ಕೂಟರಿನಲ್ಲಿ ಹೊರಟ ಗಂಡಸರು ನಿಂತು ನೋಡುವುದೂ ಭಾನುವಾರವೇ. ಅವರು ಏನೂ ಕೊಳ್ಳುವುದಿಲ್ಲ. ಮನೆಗೆ ಹೋಗಿ ಹೇಳುತ್ತಾರೆ, ಹೆಂಗಸರು ಬಂದು ಕೊಳ್ಳುತ್ತಾರೆ. ಏಳಕ್ಕೆ ಶುರು, ಒಂದಕ್ಕೆ ಮುಕ್ತಾಯ.

ಪಾತ್ರೆಯ ತಳ ನೋಡಿ

ಇದನ್ನು ದಯವಿಟ್ಟು ಎರಡು ಸಲ ಓದಿ.

ನಮ್ಮ ಕಡೆ ಶುಭಕಾರ್ಯಕ್ಕೆ ಸ್ಟೀಲ್ ಪಾತ್ರೆ ಕೊಡುವಾಗ ಹೆಸರು ಹಾಕಿಸಿ ಕೊಡುತ್ತಾರೆ ಅಲ್ವಾ? ನಾವು ಬಂದ ವರ್ಷವೇ ಮಗಳ ನಾಮಕರಣ ಆಗಿತ್ತು. ಮಾರಾಟದ ಹೊತ್ತಿಗೆ ಅದಾಗಿ ಎರಡು ವರ್ಷವೂ ಆಗಿರಲಿಲ್ಲ. ಹದಿನಾಲ್ಕು ಡಬ್ಬಿ ಬಂದಿದ್ದವು. ಆರು ಇಟ್ಟುಕೊಂಡು ಎಂಟನ್ನು ಟೇಬಲ್ ಮೇಲೆ ಜೋಡಿಸಿ, ಒಂದೊಂದಕ್ಕೂ 50 ರೂಪಾಯಿ ಚೀಟಿ ಅಂಟಿಸಿದೆ.

ಎದುರು ಮನೆಯ ಅಜ್ಜಿ ಬಂದರು. ಒಂದು ಡಬ್ಬಿ ಎತ್ತಿಕೊಂಡು ಮುಚ್ಚಳ ತೆಗೆದು, ಹಾಕಿ, ಬಿಗಿ ನೋಡಿದರು. ಆಮೇಲೆ ಬೋರಲು ಮಾಡಿದರು. ಕನ್ನಡಕ ಮೂಗಿನ ತುದಿಗೆ ಇಳಿಸಿ, ಡಬ್ಬಿಯನ್ನು ಕೈ ಉದ್ದಕ್ಕೆ ದೂರ ಹಿಡಿದು ಓದಿದರು. ಅದರಲ್ಲಿ ಇದ್ದದ್ದು ಅವರದೇ ಹೆಸರು, ನಾಮಕರಣದ ತಾರೀಕಿನ ಸಮೇತ. ಏನೂ ಅನ್ನಲಿಲ್ಲ. ಸೊಂಟದ ಸಂಚಿ ಬಿಚ್ಚಿ, ಅಡಕೆ ಚೂರಿನ ಮಧ್ಯದಿಂದ ಮಡಿಸಿದ ಐವತ್ತರ ನೋಟು ತೆಗೆದು ಟೇಬಲ್ ಮೇಲಿಟ್ಟರು. "ನಂಗೊಂದು ಬೇಕಾಗಿತ್ತು" ಅಂದು ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದರು.

ಪ್ರತಿ ಮಳೆಗಾಲ ಆ ಮನೆಯಿಂದ ನಮಗೆ ಪತ್ರೊಡೆ ಬರುತ್ತಿತ್ತು. ಆ ವರ್ಷ ಬರಲಿಲ್ಲ.

ಪಾತ್ರೆಗಳನ್ನು ಹಿಂದಿನ ರಾತ್ರಿ ಒಂದೊಂದಾಗಿ ದೀಪದ ಕೆಳಗೆ ತಿರುಗಿಸಿ ನೋಡಿ. ತಳ, ಕಂಠ, ಮುಚ್ಚಳದ ಒಳಗೆ, ಹಿಡಿಯ ಪಕ್ಕ. ಹೆಸರಿದ್ದರೆ ಒಳಗೆ ಇಡಿ. ಹೆಸರು ಉಜ್ಜಿ ತೆಗೆಯುವ ಬುದ್ಧಿವಂತಿಕೆ ಬೇಡ. ಉಜ್ಜಿದ ಗುರುತು ಹೆಸರಿಗಿಂತ ಜೋರಾಗಿ ಕಾಣುತ್ತದೆ. ಇದು ಬರೀ ಪಾತ್ರೆಗಲ್ಲ. ಯಾರೋ ಕೊಟ್ಟ ಸೀರೆ, ಗೋಡೆ ಗಡಿಯಾರ, "ಪ್ರೀತಿಯಿಂದ" ಅಂತ ಸಹಿ ಹಾಕಿ ಕೊಟ್ಟ ಪುಸ್ತಕ, ಎಲ್ಲಕ್ಕೂ ಇದೇ ಮಾತು. ಈ ಊರು ದೊಡ್ಡದಾಗಿದೆ, ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣವೂ ಆಯಿತು. ಆದರೂ ಕೊಟ್ಟವರ ಕಣ್ಣಿಗೆ ಕೊಟ್ಟ ವಸ್ತು ಬೀಳದಷ್ಟು ದೊಡ್ಡದಾಗಿಲ್ಲ.

ಹಳೇ ಮನೆ ಕೊಂಡವರು ಅಟ್ಟ ಖಾಲಿ ಮಾಡುವ ಮುಂಚೆ

ಅಟ್ಟದಲ್ಲಿ ಸಿಕ್ಕಿದ್ದೆಲ್ಲ ಗುಜರಿ ಅಲ್ಲ. ಹೋದ ಸಲ ಒಬ್ಬರು ಬಣ್ಣ ಮಾಸಿದ ಒಂದು ಬುಟ್ಟಿಯನ್ನು 30 ರೂಪಾಯಿಗೆ ಇಟ್ಟಿದ್ದರು. ಈರುಳ್ಳಿ ಹಾಕಿಡಲು ಆಗುತ್ತೆ ಅಂತ ಹೇಳುತ್ತಲೂ ಇದ್ದರು! ಅದು ಭೂಮಣ್ಣಿ ಬುಟ್ಟಿ. ಭೂಮಿ ಹುಣ್ಣಿಮೆ ದಿನ ಗದ್ದೆಗೆ ಚರಗ, ಅಂದರೆ ಭೂಮಿತಾಯಿಯ ಎಡೆ, ಒಯ್ಯಲು ಇಲ್ಲಿನ ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಎಳೆ ಎಳೆಯಾಗಿ ಚಿತ್ತಾರ ಬರೆದ ಬುಟ್ಟಿ. ಹಾಗೆಯೇ ಸಾಗರ, ಸೊರಬದ ಗುಡಿಗಾರರ ಗಂಧದ ಕೆತ್ತನೆ. ಧೂಳು ಹಿಡಿದರೆ ಮಾಮೂಲಿ ಗೊಂಬೆಯ ಹಾಗೆ ಕಾಣುತ್ತದೆ. ಉಗುರಿನಲ್ಲಿ ತಳ ಕೆರೆದು ಮೂಸಿ ನೋಡಿ. ಗೊತ್ತಾಗದಿದ್ದರೆ ನಾಚಿಕೆ ಬೇಡ, ಸಂಘದ ಯಾರನ್ನಾದರೂ ಕರೆದು ತೋರಿಸಿ. ಇಲ್ಲಿ ಬದುಕುತ್ತೇವೆ ಅಂದಮೇಲೆ ಇಷ್ಟಾದರೂ ತಿಳಿದಿರಬೇಡವೇ?

ತೇಗ, ಬೀಟೆಯ ಬಿಡಿ ಹಲಗೆ, ತೊಲೆ ಮಾರಾಟಕ್ಕೆ ಇಡಲೇಬೇಡಿ. ಅದನ್ನು ಸಾಗಿಸುವುದಕ್ಕೆ ಅರಣ್ಯ ಇಲಾಖೆಯ ಪಾಸು ಬೇಕು, ಸುಮ್ನೆ ತಲೆನೋವು.

ಬೆಲೆ

ನೀವು ಕೊಟ್ಟ ಬೆಲೆಯನ್ನು ಮರೆತುಬಿಡಿ. ಚೆನ್ನಾಗಿರುವ ವಸ್ತುವಿಗೆ ಹೊಸದರ ಕಾಲು ಭಾಗ ಸಿಕ್ಕರೆ ದೊಡ್ಡದು. ಬಟ್ಟೆಗೆ ಅದೂ ಇಲ್ಲ. ಪ್ರತಿಯೊಂದಕ್ಕೂ ಚೀಟಿ ಅಂಟಿಸಿ. ಚೀಟಿ ಇಲ್ಲದ್ದರ ಬೆಲೆ ಕೇಳಲು ನಮ್ಮ ಜನಕ್ಕೆ ಸಂಕೋಚ, ಹಾಗೇ ಇಟ್ಟು ಹೋಗುತ್ತಾರೆ. ಚೌಕಾಸಿಗೆ ಸ್ವಲ್ಪ ಜಾಗ ಬಿಟ್ಟು ಬರೆಯಿರಿ. 80ಕ್ಕೆ ಕೊಡುವುದಾದರೆ 100 ಅಂತ ಬರೆಯಿರಿ. "ಫಿಕ್ಸೆಡ್ ರೇಟ್" ಬೋರ್ಡ್ ಹಾಕಿದವರ ಟೇಬಲ್ ಹತ್ತಿರ ಹೋದ ಸಲ ನೊಣವೂ ಸುಳಿಯಲಿಲ್ಲ.

ತಾಮ್ರದ ಹಂಡೆ, ಹಿತ್ತಾಳೆ ಕೊಳಗ ಇದ್ದರೆ ಮೊದಲೇ ತೂಕ ಮಾಡಿಸಿ, ಪಾತ್ರೆ ಅಂಗಡಿಯಲ್ಲಿ ಅವತ್ತಿನ ದರ ಕೇಳಿಕೊಂಡು ಬನ್ನಿ. ಆರೂವರೆಗೇ ಗೇಟಿನ ಹತ್ತಿರ ಒಬ್ಬರು ನಿಂತಿರುತ್ತಾರೆ. ಅವರು ನೆರೆಯವರಲ್ಲ, ವ್ಯಾಪಾರಿ. ಹಂಡೆಯನ್ನು ನಿಮ್ಮಿಂದ ಗುಜರಿ ರೇಟಿಗೆ ಕೊಂಡು ಹೋಂಸ್ಟೇಯವರಿಗೆ ಹೂಕುಂಡ ಇಡಲು ಮಾರುತ್ತಾರೆ. "ಏಳು ಗಂಟೆಗೆ ಬನ್ನಿ" ಅನ್ನಿ, ಸಾಕು.

ಮಂಚ, ಓದುವ ಮೇಜು, ಬಕೆಟ್ಟು, ಸಣ್ಣ ಒಲೆ ಇವನ್ನು ಕೊಳ್ಳುವವರು ಬಾಡಿಗೆ ರೂಮಿನ ಹುಡುಗರು. ಸವಳಂಗ ರಸ್ತೆ ಕಡೆಯ ಕಾಲೇಜಿನವರು ಹಿಂಡಾಗಿ ಬರುತ್ತಾರೆ. ಅವರಿಗೆ ಸ್ವಲ್ಪ ಬಿಟ್ಟು ಕೊಡಿ, ನಮ್ಮ ಮಕ್ಕಳೂ ಎಲ್ಲೋ ರೂಮು ಮಾಡಿಕೊಂಡಿರುತ್ತಾರೆ.

ಜೋಡಿಸುವುದು

ನೆಲದ ಮೇಲೆ ಹರಡಬೇಡಿ. ಬಗ್ಗಿ ನೋಡುವವರು ಕಡಿಮೆ. ಟೇಬಲ್ ಸಾಲದಿದ್ದರೆ ಅಡಕೆ ದಬ್ಬೆಯನ್ನು (ಸೀಳಿದ ಅಡಕೆ ಮರ) ಇಟ್ಟಿಗೆ ಮೇಲೆ ಜೋಡಿಸಿ. ದೊಡ್ಡ ಸಾಮಾನು ಗೇಟಿನ ಹತ್ತಿರ, ರಸ್ತೆಗೆ ಕಾಣುವ ಹಾಗೆ. ಗೇಟಿನ ಒಳಗೇ ಇರಲಿ, ರಸ್ತೆಗೆ ಬಂದರೆ ಮಹಾನಗರ ಪಾಲಿಕೆಯವರ ಜೊತೆ ಮಾತು ಬೆಳೆಯುತ್ತದೆ. ವಿದ್ಯುತ್ ಕಂಬಕ್ಕೆ, ಪಕ್ಕದವರ ಗೋಡೆಗೆ ಪೋಸ್ಟರ್ ಅಂಟಿಸಬೇಡಿ. ಅದಕ್ಕೆ 1981ರಿಂದಲೇ ಕಾಯ್ದೆ ಇದೆ. ನಿಮ್ಮ ಗೇಟಿಗೇ ಕನ್ನಡದಲ್ಲಿ ದಪ್ಪ ಅಕ್ಷರದ ಬೋರ್ಡ್ ಕಟ್ಟಿ. ಕನ್ನಡದಲ್ಲಿ ಅಂದೆ. ಹೋದ ಸಲ ಇಂಗ್ಲಿಷಿನಲ್ಲಿ "ಸೇಲ್" ಅಂತ ಬರೆದವರ ಮನೆಗೆ ಬಂದ ಇಬ್ಬರು ಸೈಟ್ ಎಷ್ಟಕ್ಕೆ ಕೊಡ್ತೀರಿ ಅಂತ ಕೇಳಿದ್ದಾರೆ.

ವೈರ್ ಎಳೆದು ಒಂದು ಪ್ಲಗ್ ಪಾಯಿಂಟ್ ಕೊಡಿ. ಮಿಕ್ಸಿ ತಿರುಗಿದ್ದು ನೋಡದೆ ಯಾರೂ ಕೊಳ್ಳುವುದಿಲ್ಲ. ಟಾರ್ಪಾಲು ಮಡಿಸಿ ಜಗಲಿಯಲ್ಲಿ ರೆಡಿ ಇರಲಿ, ಫೆಬ್ರವರಿ ಆದರೂ.

ಆ ದಿನ

ಬೋಣಿ ಮುರಿಯಬೇಡಿ. ಮೊದಲು ಬಂದವರು ಹತ್ತು ರೂಪಾಯಿ ಕಡಿಮೆ ಕೇಳಿದರೂ ಕೊಟ್ಟುಬಿಡಿ. ಚಿಲ್ಲರೆ ಶುಕ್ರವಾರವೇ ಕೂಡಿಸಿ, ಹತ್ತು ಇಪ್ಪತ್ತರ ನೋಟುಗಳಲ್ಲಿ ಸಾವಿರ ರೂಪಾಯಿಯಷ್ಟು. ಯುಪಿಐ ಕೋಡ್ ದೊಡ್ಡದಾಗಿ ಪ್ರಿಂಟ್ ಹಾಕಿಸಿ. ಸ್ಕ್ರೀನ್‌ಶಾಟ್ ತೋರಿಸಿದರೆ ಸಾಲದು, ನಿಮ್ಮ ಫೋನಿನಲ್ಲಿ ದುಡ್ಡು ಬಂದದ್ದು ಕಾಣಬೇಕು. ನೆಟ್‌ವರ್ಕ್ ನಿಧಾನ ಇದ್ದರೆ ಕೂರಿಸಿ ಒಂದು ಲೋಟ ಮಜ್ಜಿಗೆ ಕೊಡಿ. "ದುಡ್ಡು ಕಳಿಸ್ತೇನೆ, ನಿಮ್ಮ ಪಿನ್ ಒತ್ತಿ" ಅಂದರೆ ಅದು ಮೋಸ. ಹಣ ಬರಲು ಪಿನ್ ಬೇಕಿಲ್ಲ.

ಮನೆ ಬಾಗಿಲು ಚಿಲಕ ಹಾಕಿರಲಿ. ನೀರು ಕೇಳಿದವರಿಗೆ ಹೊರಗೇ ತಂದು ಕೊಡಿ.

ಮಾರಬಾರದ್ದು, ಜಾಗ್ರತೆ ಬೇಕಾದ್ದು

- ಗ್ಯಾಸ್ ಸಿಲಿಂಡರ್, ರೆಗ್ಯುಲೇಟರ್: ಏಜೆನ್ಸಿಗೆ ವಾಪಸ್ ಕೊಟ್ಟು ಡಿಪಾಸಿಟ್ ಪಡೆಯಿರಿ.
- ಸ್ಕೂಟರ್: ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಆಗದೆ ಕೀ ಕೊಡಬೇಡಿ. ರಾಜ್ಯದೊಳಗೆ ಮಾರಿದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು.
- ಹಳೇ ಫೋನು, ಲ್ಯಾಪ್‌ಟಾಪ್: ಫೋಟೊ, ಖಾತೆ ಎಲ್ಲ ಅಳಿಸಿ. ಸಿಮ್ ತೆಗೆಯಿರಿ.
- ಬಿದ್ದು ಪೆಟ್ಟಾದ ಹೆಲ್ಮೆಟ್, ಸೇಫ್ಟಿ ವಾಲ್ವ್ ಕೆಟ್ಟ ಕುಕ್ಕರ್.
- ಔಷಧಿ.
- ದೇವರ ಮನೆಯದ್ದು ಯಾವುದೂ ಬೇಡ. ಕಾರಣ ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ.

ಉಳಿದದ್ದು

ಹನ್ನೆರಡಕ್ಕೆ ಎಲ್ಲದಕ್ಕೂ ಅರ್ಧ ಬೆಲೆ ಅನ್ನಿ. ಒಂದಕ್ಕೆ ಬಾಗಿಲು ಹಾಕಿ. ಉಳಿದದ್ದನ್ನು ಮತ್ತೆ ಅಟ್ಟಕ್ಕೆ ಏರಿಸಿದರೆ ಇಡೀ ಕೆಲಸ ದಂಡ. ಒಗೆದು ಮಡಿಸಿದ ಬಟ್ಟೆ, ಮಕ್ಕಳ ಪುಸ್ತಕ ಸಂಘದ ರೂಮಿಗೆ ತನ್ನಿ, ಬೇಕಾದವರಿಗೆ ತಲುಪಿಸುತ್ತೇವೆ. ಹರಿದ ಬನಿಯನ್ನು ತರಬೇಡಿ. ಕೊಡುವುದು ಅಂದರೆ ಕಸ ಸಾಗಿಸುವುದಲ್ಲ ಅಂತ ಪ್ರತಿ ವರ್ಷ ಹೇಳುತ್ತೇವೆ, ಪ್ರತಿ ವರ್ಷ ಒಂದು ಚೀಲ ಬನಿಯನ್ನು ಬರುತ್ತದೆ.

ಟೇಬಲ್, ಕುರ್ಚಿ ಸಂಘದಿಂದ ಬಾಡಿಗೆ ಇಲ್ಲದೆ ಸಿಗುತ್ತವೆ. ಶನಿವಾರ ಸಂಜೆ ಒಯ್ದು ಸೋಮವಾರ ಬೆಳಿಗ್ಗೆ ವಾಪಸ್ ಇಡಬೇಕು, ಒರೆಸಿ. ಹೋದ ಸಲ ಎರಡು ಕುರ್ಚಿ ಕಮ್ಮಿ ಬಂದವು. ಆಮೇಲೆ ಗೊತ್ತಾಯಿತು, ಯಾರೋ ಅವಕ್ಕೂ ಚೀಟಿ ಅಂಟಿಸಿ ಮಾರಿಬಿಟ್ಟಿದ್ದರು.