ಬಹ್ರೇನ್‌ ಆಫರ್‌ ಲೆಟರ್‌: ಸಹಿ ಹಾಕುವ ಮೊದಲು ಈ ಎರಡು ಸಾಲು ಓದಿ

ಬಹ್ರೇನ್‌ ಸಣ್ಣ ದ್ವೀಪರಾಷ್ಟ್ರ. ಇಡೀ ದೇಶದ ವಿಸ್ತೀರ್ಣ ಸುಮಾರು 780 ಚದರ ಕಿಲೋಮೀಟರ್‌, ಅಂದರೆ ಹೆಚ್ಚು ಕಡಿಮೆ ಬೆಂಗಳೂರು ನಗರದಷ್ಟು. ಕೊಲ್ಲಿಯ ಅರಬ್‌ ದಡದಲ್ಲಿ ಮೊದಲು ತೈಲ ಸಿಕ್ಕಿದ್ದು ಇಲ್ಲೇ, 1932ರಲ್ಲಿ. ಆದರೆ ನೆರೆಯವರಷ್ಟು ತೈಲ ಇಲ್ಲದ್ದರಿಂದ ಬ್ಯಾಂಕು, ಅಲ್ಯೂಮಿನಿಯಂ, ಹೋಟೆಲ್‌, ಅಂಗಡಿ ವ್ಯಾಪಾರವನ್ನೂ ನೆಚ್ಚಿಕೊಂಡೇ ದೇಶ ನಡೆಯುತ್ತದೆ. ಜನಸಂಖ್ಯೆಯ ಅರ್ಧಕ್ಕಿಂತ ಹೆಚ್ಚು ಮಂದಿ ಹೊರದೇಶದವರು. ಮಂಗಳೂರು, ಉಡುಪಿ ಕಡೆಯ ಮನೆಗಳಿಗೆ ಈ ಊರು ಹೊಸದೇನಲ್ಲ.

ಆಫರ್‌ ಲೆಟರ್‌ ಕೈಗೆ ಬಂದಾಗ ಎಲ್ಲರ ಕಣ್ಣು ಮೊದಲು ಹೋಗುವುದು ಒಟ್ಟು ಸಂಬಳದ ಮೇಲೆ. ಅದಕ್ಕಿಂತ ಮುಖ್ಯವಾದ ಸಾಲುಗಳು ಎರಡಿವೆ: ಬೇಸಿಕ್‌ (ಭತ್ಯೆ ಬಿಟ್ಟ ಮೂಲ ಸಂಬಳ) ಎಷ್ಟು, ಕಂಪನಿಯ ಸಿಆರ್‌ ನಂಬರ್‌ ಯಾವುದು. ಮುಂದಿನ ತಾಪತ್ರಯಗಳು ಬಹುಪಾಲು ಈ ಎರಡರಿಂದಲೇ ಹುಟ್ಟುತ್ತವೆ.

1. ಸಿಆರ್‌ ನಂಬರ್‌ ಕೇಳಿ, ನೀವೇ ಹುಡುಕಿ

ಸಿಆರ್‌ ಎಂದರೆ ವ್ಯಾಪಾರ ನೋಂದಣಿ. ಬಹ್ರೇನ್‌ನಲ್ಲಿ ಪ್ರತಿಯೊಂದು ಅಂಗಡಿ, ಕಂಪನಿಗೂ ಇದು ಬೇಕು. ಒಂದಷ್ಟು ಅಂಕಿ, ಆಮೇಲೆ ಒಂದು ಅಡ್ಡಗೀಟು, ಕೊನೆಗೆ ಶಾಖೆಯ ಸಂಖ್ಯೆ ಇರುತ್ತದೆ. ಸರ್ಕಾರದ ‘ಸಿಜಿಲಾತ್‌’ ಜಾಲತಾಣದಲ್ಲಿ ಈ ನಂಬರ್‌ ಹಾಕಿದರೆ ಕಂಪನಿಯ ಹೆಸರು, ನೋಂದಣಿ ಚಾಲ್ತಿಯಲ್ಲಿದೆಯೇ, ಯಾವ ಚಟುವಟಿಕೆಗೆ ಅನುಮತಿ ಇದೆ ಎಂಬುದು ಗೊತ್ತಾಗುತ್ತದೆ.

ಆಫರ್‌ ಲೆಟರ್‌ನಲ್ಲಿ ಅಕೌಂಟೆಂಟ್‌ ಕೆಲಸ, ಸಿಆರ್‌ನಲ್ಲಿ ಸಲೂನ್‌ ಎಂದಿದ್ದರೆ ಅಲ್ಲಿಗೇ ನಿಲ್ಲಿಸಿ. ಕೆಲಸದ ಪರವಾನಗಿಯನ್ನು ಎಲ್‌ಎಂಆರ್‌ಎ ಎಂಬ ಕಾರ್ಮಿಕ ಮಾರುಕಟ್ಟೆ ಪ್ರಾಧಿಕಾರ ಕೊಡುವುದು ಆ ಸಂಸ್ಥೆಯ ಹೆಸರಿಗೆ. ಅದನ್ನು ಬಿಟ್ಟು ಬೇರೆಡೆ ದುಡಿದರೆ, ಅದು ಮಾಲೀಕರ ತಮ್ಮನ ಅಂಗಡಿಯೇ ಆಗಿದ್ದರೂ, ಅಕ್ರಮ. ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಕೆಲಸಗಾರನನ್ನು ಊರಿಗೆ ಕಳಿಸುತ್ತಾರೆ.

ಪರವಾನಗಿಯ ಶುಲ್ಕ ಕಟ್ಟುವುದು ಮಾಲೀಕರ ಹೊಣೆ. ‘ವೀಸಾ ದುಡ್ಡು ನೀವು ಕೊಡಿ, ಆಮೇಲೆ ಸಂಬಳದಲ್ಲಿ ಹೊಂದಿಸೋಣ’ ಎನ್ನುವವರನ್ನು ನಂಬಬೇಡಿ.

2. ಬೇಸಿಕ್‌ ಎಷ್ಟೆಂದು ಕಾಗದದ ಮೇಲೆ ಬರೆಸಿಕೊಳ್ಳಿ

ಮೊದಲು ಅಂಕಿ ಓದುವ ರೀತಿ. ಒಂದು ದಿನಾರಿಗೆ 1000 ಫಿಲ್ಸ್‌. ಹಾಗಾಗಿ 6.300 ಎಂದರೆ 6 ದಿನಾರ್‌ 300 ಫಿಲ್ಸ್‌. ಆ ಚುಕ್ಕೆಯನ್ನು ಅಲ್ಪವಿರಾಮವೆಂದು ಓದಿ ಸಾವಿರಗಳಲ್ಲಿ ಲೆಕ್ಕ ಹಾಕಿದವರಿದ್ದಾರೆ. ಒಂದು ಡಾಲರಿಗೆ 0.376 ದಿನಾರ್‌ ಎಂಬುದು ನಿಗದಿಯಾದ ದರ. ರೂಪಾಯಿಯ ಲೆಕ್ಕದಲ್ಲಿ ಏರಿಳಿತವಾದರೆ ಅದು ಡಾಲರ್‌ ಎದುರು ರೂಪಾಯಿಯ ಏರಿಳಿತ.

ಖಾಸಗಿ ವಲಯಕ್ಕೆ ಅಲ್ಲಿ ಕಾನೂನುಬದ್ಧ ಕನಿಷ್ಠ ಕೂಲಿ ಇಲ್ಲ. ಸಂಬಳದ ಮೇಲೆ ಆದಾಯ ತೆರಿಗೆಯೂ ಇಲ್ಲ. ನಿರುದ್ಯೋಗ ವಿಮೆಗೆಂದು ಶೇ 1 ಕಡಿತವಾಗುತ್ತದೆ.

ಈಗ ಎರಡು ಆಫರ್‌ ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಒಟ್ಟು 250 ದಿನಾರ್‌. ಒಂದರಲ್ಲಿ ಬೇಸಿಕ್‌ 150, ಭತ್ಯೆ 100. ಇನ್ನೊಂದರಲ್ಲಿ ಬೇಸಿಕ್‌ 200, ಭತ್ಯೆ 50. ತಿಂಗಳ ಕೊನೆಗೆ ಕೈಗೆ ಬರುವುದು ಒಂದೇ. ಆದರೆ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯನ್ನು 2012ರ 36ನೇ ಕಾನೂನಿನ ಪ್ರಕಾರ ಕೊನೆಯ ಬೇಸಿಕ್‌ ಮೇಲೆ ಲೆಕ್ಕ ಹಾಕುತ್ತಾರೆ. ಸಾಮಾಜಿಕ ಭತ್ಯೆ ಎಂದು ಪ್ರತ್ಯೇಕವಾಗಿ ಇದ್ದರೆ ಅದೂ ಸೇರುತ್ತದೆ. ಮೊದಲ ಮೂರು ವರ್ಷ, ವರ್ಷಕ್ಕೆ ಅರ್ಧ ತಿಂಗಳ ಸಂಬಳ. ಆಮೇಲೆ ವರ್ಷಕ್ಕೆ ಒಂದು ತಿಂಗಳದ್ದು. ಐದು ವರ್ಷ ದುಡಿದರೆ ಮೊದಲನೆಯವರಿಗೆ 225 ಮತ್ತು 300 ಸೇರಿ 525 ದಿನಾರ್‌. ಎರಡನೆಯವರಿಗೆ 300 ಮತ್ತು 400 ಸೇರಿ 700. ಸಹಿ ಹಾಕುವ ದಿನ ಒಂದು ಮಾತು ಕೇಳಿದ್ದಕ್ಕೆ 175 ದಿನಾರ್‌ ವ್ಯತ್ಯಾಸ.

2024ರ ಮಾರ್ಚ್‌ನಿಂದ ಮಾಲೀಕರು ಈ ಹಣವನ್ನು ತಿಂಗಳು ತಿಂಗಳು ಸಾಮಾಜಿಕ ವಿಮಾ ಸಂಸ್ಥೆಗೆ ಕಟ್ಟಬೇಕು. ಮೊದಲ ಮೂರು ವರ್ಷ ಶೇ 4.2, ಆಮೇಲೆ ಶೇ 8.4. ಹನ್ನೆರಡು ತಿಂಗಳಿಗೆ ಗುಣಿಸಿ ನೋಡಿ, ಅದೇ ಅರ್ಧ ತಿಂಗಳು ಮತ್ತು ಒಂದು ತಿಂಗಳ ಲೆಕ್ಕ. ಕಂಪನಿ ಮುಳುಗಿದರೂ ಕಟ್ಟಿದ ಹಣ ಉಳಿಯುತ್ತದೆ ಎಂಬುದು ಇದರ ದೊಡ್ಡ ಲಾಭ. ಅದಕ್ಕೂ ಹಿಂದಿನ ಸೇವೆಯ ಗ್ರಾಚ್ಯುಟಿ ಮಾತ್ರ ಮಾಲೀಕರಿಂದಲೇ ಬರಬೇಕು.

3. ಕೆಲಸದ ಹೊತ್ತು, ರಜೆ

ವಾರಕ್ಕೆ 48 ಗಂಟೆ, ದಿನಕ್ಕೆ 8 ಗಂಟೆ. ಅದರ ಮೇಲೆ ದುಡಿದರೆ ಹಗಲಿಗೆ ಕನಿಷ್ಠ ಶೇ 25, ರಾತ್ರಿಗೆ ಶೇ 50 ಹೆಚ್ಚು ಕೂಲಿ. ಒಂದು ವರ್ಷ ಮುಗಿದವರಿಗೆ ವರ್ಷಕ್ಕೆ 30 ದಿನ ಸಂಬಳಸಹಿತ ರಜೆ. ಕಾಯಿಲೆ ರಜೆ 15 ದಿನ ಪೂರ್ತಿ ಸಂಬಳಕ್ಕೆ, ನಂತರದ 20 ದಿನ ಅರ್ಧ ಸಂಬಳಕ್ಕೆ. ಪ್ರೊಬೇಷನ್‌ ಸಾಮಾನ್ಯವಾಗಿ ಮೂರು ತಿಂಗಳು. ಆ ಅವಧಿಯಲ್ಲಿ ಒಂದೇ ದಿನದ ನೋಟಿಸ್‌ ಕೊಟ್ಟು ತೆಗೆಯಬಹುದು. ಆಮೇಲೆ 30 ದಿನದ ನೋಟಿಸ್‌ ಬೇಕು.

ಹೋಟೆಲ್‌ ಕೆಲಸಕ್ಕೆ ಹೋಗುವವರು ಒಂದು ವಿಷಯ ಬಿಡಿಸಿ ಕೇಳಬೇಕು. ಸೌದಿಯಿಂದ ಬಹ್ರೇನ್‌ಗೆ ಸಮುದ್ರದ ಮೇಲೆ 25 ಕಿಲೋಮೀಟರ್‌ ಉದ್ದದ ಕಿಂಗ್‌ ಫಹದ್‌ ಸೇತುವೆ ಇದೆ, 1986ರಲ್ಲಿ ತೆರೆದದ್ದು. ಗುರುವಾರ ಸಂಜೆಯಿಂದ ಆ ಕಡೆಯ ಕಾರುಗಳು ಸಾಲುಗಟ್ಟುತ್ತವೆ. ಹೋಟೆಲ್‌ಗಳ ದುಡಿಮೆ ನಿಂತಿರುವುದು ವಾರದ ಆ ಎರಡು ಮೂರು ದಿನಗಳ ಮೇಲೆ. ರಂಜಾನ್‌ ತಿಂಗಳ ಹಗಲಿನಲ್ಲಿ ವ್ಯಾಪಾರ ಇರುವುದಿಲ್ಲ. ಟಿಪ್ಸ್‌, ಕಮಿಷನ್‌ ಸೇರಿಸಿ ‘ಇಷ್ಟು ಬರುತ್ತದೆ’ ಎಂದು ಹೇಳುವ ಮೊತ್ತ ಆ ತಿಂಗಳು ಬರುವುದಿಲ್ಲ. ಮನೆಗೆ ಕಳಿಸುವ ಹಣದ ಲೆಕ್ಕವನ್ನು ನಿಗದಿತ ಸಂಬಳದ ಮೇಲಷ್ಟೇ ಹಾಕಿ.

4. ಇಲ್ಲಿಂದ ಹೊರಡುವ ಮುನ್ನ

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ ಸಾಮಾನ್ಯವಾಗಿ ಇಸಿಆರ್‌ ವರ್ಗದ್ದಾಗಿರುತ್ತದೆ. ಅಂಥವರು ಕೆಲಸಕ್ಕೆ ಹೋಗಲು ವಲಸೆ ಅನುಮತಿ ಪಡೆಯಬೇಕಾದ ದೇಶಗಳಲ್ಲಿ ಬಹ್ರೇನ್‌ ಕೂಡ ಒಂದು. ಅರ್ಜಿ ಹೋಗುವುದು ಭಾರತ ಸರ್ಕಾರದ ‘ಇ–ಮೈಗ್ರೇಟ್‌’ ಜಾಲತಾಣದ ಮೂಲಕ. ಏಜೆಂಟರ ನೋಂದಣಿ ಅಸಲಿಯೇ ಎಂಬುದನ್ನೂ ಅಲ್ಲೇ ನೋಡಬಹುದು. ಏಜೆಂಟರು ತೆಗೆದುಕೊಳ್ಳಬಹುದಾದ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ. ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ‘ಪ್ರವಾಸಿ ಭಾರತೀಯ ಬಿಮಾ ಯೋಜನೆ’ಯಲ್ಲಿ 10 ಲಕ್ಷ ರೂಪಾಯಿಯ ಅಪಘಾತ ವಿಮೆ ಇದೆ, ಇಸಿಆರ್‌ನವರಿಗೆ ಅದು ಕಡ್ಡಾಯ.

‘ವಿಸಿಟ್‌ ವೀಸಾದಲ್ಲಿ ಬನ್ನಿ, ಅಲ್ಲಿ ಬದಲಾಯಿಸಿಕೊಡುತ್ತೇವೆ’ ಎಂಬ ಮಾತಿಗೆ ಹೊರಟವರೇ ಹೆಚ್ಚು ಕಷ್ಟಕ್ಕೆ ಸಿಲುಕುವುದು. ವಿಸಿಟ್‌ ವೀಸಾದಲ್ಲಿ ದುಡಿಯುವುದು ಅಪರಾಧ. ಅದನ್ನು ಕೆಲಸದ ವೀಸಾಕ್ಕೆ ಬದಲಿಸುವ ನಿಯಮವನ್ನೂ 2024ರಲ್ಲಿ ಬಿಗಿ ಮಾಡಿದ್ದಾರೆ. ಸಂಬಳ ಸಿಗದಿದ್ದಾಗ ತೋರಿಸಲು ಪರವಾನಗಿಯೇ ಇಲ್ಲದವರ ದೂರು ನಿಲ್ಲುವುದು ಬಹಳ ಕಷ್ಟ.

5. ಇಳಿದ ಮೇಲೆ

ಗುರುತಿನ ಚೀಟಿಯನ್ನು ಎಲ್ಲರೂ ಸಿಪಿಆರ್‌ ಎನ್ನುತ್ತಾರೆ. ಬ್ಯಾಂಕ್‌, ಸಿಮ್‌, ಆಸ್ಪತ್ರೆ, ಎಲ್ಲದಕ್ಕೂ ಅದೇ ಬೇಕು. ಸಿಕ್ಕಿದ ಕೂಡಲೇ ಎಲ್‌ಎಂಆರ್‌ಎ ಜಾಲತಾಣದಲ್ಲಿ ಸಿಪಿಆರ್‌ ನಂಬರ್‌ ಹಾಕಿ ಪರವಾನಗಿಯ ಸ್ಥಿತಿ ನೋಡಿ. ತಿಂಗಳಿಗೊಮ್ಮೆ ನೋಡುವ ರೂಢಿ ಇಟ್ಟುಕೊಳ್ಳಿ. ಮಾಲೀಕರು ನವೀಕರಿಸದೆ ಬಿಟ್ಟಿದ್ದರೆ ನಿಮಗೇ ಮೊದಲು ಗೊತ್ತಾಗುತ್ತದೆ. ಪಾಸ್‌ಪೋರ್ಟ್‌ ನಿಮ್ಮ ಬಳಿಯೇ ಇರಲಿ. ಸಂಬಳ ಬ್ಯಾಂಕ್‌ ಖಾತೆಗೇ ಬರಲಿ, ತಡವಾದರೆ ಸಾಕ್ಷಿ ಇರುತ್ತದೆ. ಒಂದು ವರ್ಷ ಮುಗಿದ ಮೇಲೆ ಮಾಲೀಕರ ಒಪ್ಪಿಗೆ ಇಲ್ಲದೆಯೂ ನೋಟಿಸ್‌ ಕೊಟ್ಟು ಬೇರೆ ಕಂಪನಿಗೆ ಬದಲಾಗಲು ಅವಕಾಶವಿದೆ. ತಕರಾರು ಬಂದರೆ ಭಾರತದ ರಾಯಭಾರ ಕಚೇರಿಯ ತಿಂಗಳ ಓಪನ್‌ ಹೌಸ್‌ಗೆ (ದೂರು ಕೇಳುವ ಸಭೆ) ಹೋಗಿ. ದಾಖಲೆಗಳ ನಕಲು ಜೊತೆಗಿರಲಿ.

ಅಂಗಡಿ ಹಾಕುವ ಯೋಚನೆ ಇದ್ದರೆ

ಹಲವು ವ್ಯವಹಾರಗಳಲ್ಲಿ ವಿದೇಶಿಯರು ಪೂರ್ತಿ ಮಾಲೀಕತ್ವದ ಕಂಪನಿ ತೆರೆಯಬಹುದು. ಕೆಲವು ಸ್ಥಳೀಯರಿಗಷ್ಟೇ ಮೀಸಲು. ನಿಮ್ಮದು ಯಾವುದೆಂದು ಸಿಜಿಲಾತ್‌ನಲ್ಲಿ ನೋಡಿಕೊಂಡ ಮೇಲೆಯೇ ಕಟ್ಟಡದ ಬಾಡಿಗೆ ಕರಾರು ಮಾಡಿ. ವ್ಯಾಟ್‌ ಶೇ 10. ವರ್ಷದ ವಹಿವಾಟು 37,500 ದಿನಾರ್‌ ದಾಟಿದರೆ ನೋಂದಣಿ ಕಡ್ಡಾಯ. ಸ್ಥಳೀಯರಿಗೆ ಇಂತಿಷ್ಟು ಕೆಲಸ ಕೊಡಬೇಕೆಂಬ ನಿಯಮವನ್ನೂ ಪಾಲಿಸಬೇಕಾದ್ದರಿಂದ ಬೇಕಾದಷ್ಟು ಜನರನ್ನು ಊರಿನಿಂದ ಕರೆಸಿಕೊಳ್ಳಲು ಆಗದು. ಇನ್ನೊಬ್ಬರ ಸಿಆರ್‌ನಲ್ಲಿ ಹಣ ಹಾಕಿ, ತಿಂಗಳಿಗಿಷ್ಟು ಎಂದು ಅವರಿಗೆ ಕೊಡುತ್ತಾ ನಡೆಸುವ ಏರ್ಪಾಡಿಗೆ ಹೋಗಬೇಡಿ. ಕಾಗದದಲ್ಲಿ ಅಂಗಡಿ ಅವರದು. ಮನಸ್ಸು ಮುರಿದ ದಿನ ನಿಮ್ಮ ಫ್ರಿಜ್‌, ಸರಕು ಯಾವುದೂ ನಿಮ್ಮದೆಂದು ಸಾಬೀತು ಮಾಡುವುದು ಕಷ್ಟ.

ಹಿಂದಿರುಗುವಾಗ

ಬ್ಯಾಂಕ್‌ ಸಾಲ, ಫೋನ್‌ ಬಿಲ್‌ ತೀರಿಸಿ. ಗೆಳೆಯರ ಸಾಲಕ್ಕೆ ಜಾಮೀನು ಹಾಕಿದ್ದರೆ ಅದು ಯಾವ ಸ್ಥಿತಿಯಲ್ಲಿದೆ ಎಂದು ವಿಚಾರಿಸಿ. ಬಾಕಿ ಉಳಿದು ನ್ಯಾಯಾಲಯದಿಂದ ಪ್ರಯಾಣ ನಿಷೇಧ ಬಿದ್ದಿದ್ದರೆ ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ. ಗ್ರಾಚ್ಯುಟಿಗೆ ಸಾಮಾಜಿಕ ವಿಮಾ ಸಂಸ್ಥೆಗೆ ಆನ್‌ಲೈನ್‌ ಅರ್ಜಿ ಹಾಕುವಾಗ ಬ್ಯಾಂಕ್‌ ಖಾತೆಯ ಐಬ್ಯಾನ್‌ (ಅಂತರರಾಷ್ಟ್ರೀಯ ಖಾತೆ) ಸಂಖ್ಯೆ ಕೊಡಬೇಕು. ಹಣ ಜಮೆಯಾಗುವವರೆಗೆ ಆ ಖಾತೆಯನ್ನು ಮುಚ್ಚಬೇಡಿ.