ಮೆಚ್ಚುಗೆಯಿಂದ ಮಕ್ಕಳ ನಡವಳಿಕೆ ರೂಪಿಸುವುದು ಹೇಗೆ?

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆದರೆ ಬೆತ್ತದ ಬದಲಿಗೆ ಬಂದ ಮೆಚ್ಚುಗೆಯನ್ನು ಬೆಂಗಳೂರಿನ ಅನೇಕ ಪ್ರಾಥಮಿಕ ತರಗತಿಗಳಲ್ಲಿ ‘ಗುಡ್, ವೆರಿಗುಡ್’ ಎಂದು ಎಲ್ಲರಿಗೂ ಒಂದೇ ಸಮನೆ ಹಂಚಲಾಗುತ್ತಿದೆ; ಯಾವುದಕ್ಕಾಗಿ ಆ ಮಾತು ಬಂತೆಂಬುದು ಮಗುವಿಗೆ ತಿಳಿಯುವುದೇ ಇಲ್ಲ.

ಮೊದಲು ಒಂದೇ ಒಂದು ನಡವಳಿಕೆಯನ್ನು ಆರಿಸಿಕೊಳ್ಳಿ. ಬಿಸಿಯೂಟಕ್ಕೆ ಮುನ್ನ ನೂಕಾಡದೆ ಸಾಲಿನಲ್ಲಿ ನಿಂತು ಕೈ ತೊಳೆಯುವುದು ಒಳ್ಳೆಯ ಆರಂಭ. ಅದನ್ನು ಮಾಡಿ ತೋರಿಸಿ, ಮಕ್ಕಳಿಂದಲೂ ಮಾಡಿಸಿ.

ಎರಡನೆಯ ಹಂತವಾದ ಮೆಚ್ಚುಗೆಯ ಮಾತಿನಲ್ಲೇ ಹೆಚ್ಚಿನವರು ಎಡವುತ್ತಾರೆ. ಮಗು ಆ ಕೆಲಸ ಮಾಡಿದ ಕೂಡಲೇ, ಹೆಸರು ಹಿಡಿದು, ಮಾಡಿದ್ದನ್ನೇ ಹೇಳಿ: ‘ರವಿ, ನಿನ್ನ ಸರದಿ ಬರುವವರೆಗೂ ಕಾದೆ, ಹಿಂದಿನವರಿಗೂ ನೀರು ಸಿಕ್ಕಿತು.’ ‘ನೀನು ಜಾಣ’ ಎಂದು ಹೊಗಳಬೇಡಿ. ಬುದ್ಧಿಗಾಗಿ ಹೊಗಳಿಸಿಕೊಂಡ ಮಕ್ಕಳು ಸೋಲು ಎದುರಾದಾಗ, ಪ್ರಯತ್ನಕ್ಕಾಗಿ ಹೊಗಳಿಸಿಕೊಂಡವರಿಗಿಂತ ಬೇಗ ಕೈಚೆಲ್ಲುವುದನ್ನು ಮನೋವಿಜ್ಞಾನಿಗಳಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ. ‘ಅವಳನ್ನು ನೋಡಿ ಕಲಿ’ ಎಂಬ ಮಾತನ್ನಂತೂ ಆಡಲೇಬೇಡಿ, ಅದು ಒಬ್ಬಳಿಗೆ ಮೆಚ್ಚುಗೆಯಾದರೂ ಉಳಿದವರಿಗೆಲ್ಲ ಅವಮಾನ. ಸದಾ ಗಲಾಟೆ ಮಾಡುವ ಮಗು ಅರ್ಧ ನಿಮಿಷ ಸುಮ್ಮನೆ ಕುಳಿತರೂ ಅದನ್ನು ಗಮನಿಸಿ ಹೇಳಬೇಕು, ಏಕೆಂದರೆ ಅಲ್ಲಿಯವರೆಗೆ ಅದಕ್ಕೆ ಶಿಕ್ಷಕರ ಗಮನ ದೊರೆಯುತ್ತಿದ್ದುದು ಗಲಾಟೆಯಿಂದ ಮಾತ್ರ. ನಾಚಿಕೆಯ ಮಗುವಿಗೆ ಪಕ್ಕಕ್ಕೆ ಹೋಗಿ ಮೆಲ್ಲಗೆ ಹೇಳಿದರೆ ಸಾಕು.

ಬಹುಮಾನ ಬೇಕೇಬೇಕೆಂದರೆ ಇಡೀ ತರಗತಿಗೆ ಒಂದು ಕಥೆ ಅಥವಾ ಐದು ನಿಮಿಷ ಹೆಚ್ಚಿನ ಆಟ ಕೊಡಿ. ಚಾಕೊಲೇಟು ಬೇಡ. ಅಂಗಡಿಗಳಲ್ಲಿ ಸಿಗುವ, ಮಕ್ಕಳ ಹೆಸರಿನ ಮುಂದೆ ನಕ್ಷತ್ರ ಅಂಟಿಸುವ ಹೊಳೆಯುವ ಚಾರ್ಟುಗಳನ್ನೂ ಕೊಳ್ಳಬೇಡಿ; ಕಡಿಮೆ ನಕ್ಷತ್ರ ಪಡೆದ ಮಗುವಿನ ಹೆಸರು ವರ್ಷವಿಡೀ ಗೋಡೆಯ ಮೇಲೆ ಉಳಿಯುತ್ತದೆ. ಗಳಿಸಿದ್ದನ್ನು ತಪ್ಪಿಗಾಗಿ ಕಸಿದುಕೊಳ್ಳುವುದು ಶಿಕ್ಷೆಯೇ ಸರಿ. ಮಕ್ಕಳು ತಾವಾಗಿಯೇ ಇಷ್ಟಪಟ್ಟು ಮಾಡುವ ಕೆಲಸಕ್ಕೆ ಬಹುಮಾನ ಘೋಷಿಸಲೂಬಾರದು: 1973ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಹೇಳಿಸಿಕೊಂಡ ಶಿಶುವಿಹಾರದ ಮಕ್ಕಳು ಆಮೇಲೆ ಚಿತ್ರ ಬಿಡಿಸುವುದನ್ನೇ ಕಡಿಮೆ ಮಾಡಿದರು.

ಸಣ್ಣಪುಟ್ಟ ತುಂಟತನವನ್ನು ಕಂಡೂ ಕಾಣದಂತಿರಿ. ಹೊಡೆದಾಟವನ್ನು ಮಾತ್ರ ತಕ್ಷಣ ತಡೆಯಿರಿ.

ಅಭ್ಯಾಸ ಕುದುರಿದ ಮೇಲೆ ಮೆಚ್ಚುಗೆಯನ್ನು ಒಮ್ಮೆಲೇ ನಿಲ್ಲಿಸದೆ ಅಂತರವನ್ನು ಹಿಗ್ಗಿಸುತ್ತಾ ಹೋಗಿ: ಮೊದಲು ಪ್ರತಿ ಸಲ, ಬಳಿಕ ಆಗೊಮ್ಮೆ ಈಗೊಮ್ಮೆ. ನೂಕಾಟ ಮತ್ತೆ ಶುರುವಾದರೆ ಕೆಲವು ದಿನ ಪ್ರತಿ ಸಲವೂ ಹೇಳಿ. ಸಾಲು ತಾನಾಗಿ ನಿಲ್ಲತೊಡಗಿದ ಮೇಲೆಯೇ ಮುಂದಿನ ನಡವಳಿಕೆಯನ್ನು ಕೈಗೆತ್ತಿಕೊಳ್ಳಿ.