ಟೋ ಬಾರೋ ಟ್ರೇಲರೋ: ದೂರದ ದಾರಿಗೆ ನಾನು ಆರಿಸಿಕೊಳ್ಳುವ ಬಗೆ

ಓಡಿಸಿಕೊಂಡು ಹೋಗಲಾಗದ ಕಾರೊಂದನ್ನು ನೂರಾರು ಕಿಲೋಮೀಟರ್ ಸಾಗಿಸಬೇಕಾದಾಗ ನಾನು ಮೊದಲು ವಿಚಾರಿಸುವುದು ಅದರ ಗೇರ್‌ಬಾಕ್ಸ್ ಯಾವ ಬಗೆಯದು ಎಂಬುದನ್ನು. ಟೋ ಬಾರ್‌ಗೆ (ಎಳೆಯುವ ವಾಹನಕ್ಕೂ ಕಾರಿಗೂ ನಡುವೆ ಬಿಗಿಯುವ ಗಟ್ಟಿ ಕಂಬಿಗೆ) ಕಟ್ಟಿದ ಕಾರಿನ ನಾಲ್ಕೂ ಚಕ್ರಗಳು ದಾರಿಯುದ್ದಕ್ಕೂ ನೆಲದ ಮೇಲೆ ಉರುಳುತ್ತವೆ ಮತ್ತು ಅವುಗಳ ಜೊತೆಗೆ ಗೇರ್‌ಬಾಕ್ಸಿನ ಕೆಲವು ಭಾಗಗಳೂ ತಿರುಗುತ್ತಲೇ ಇರುತ್ತವೆ. ಸಾಮಾನ್ಯ ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಆಯಿಲ್ ಹರಿಸುವ ಪಂಪು ಎಂಜಿನ್ ಓಡುವಾಗ ಮಾತ್ರ ಕೆಲಸ ಮಾಡುವುದರಿಂದ, ಎಂಜಿನ್ ನಿಲ್ಲಿಸಿ ಎಳೆದ ಕಾರಿನಲ್ಲಿ ಆ ಭಾಗಗಳು ಆಯಿಲ್ ಸಿಗದೆ ಉಜ್ಜಿಕೊಂಡು ಸುಡುತ್ತವೆ. ನ್ಯೂಟ್ರಲ್‌ಗೆ ಹಾಕಿದರೆ ಸಾಕು ಎಂದು ಎಷ್ಟೋ ಜನ ಧೈರ್ಯವಾಗಿ ಹೇಳುತ್ತಾರೆ. ಆದರೆ ನ್ಯೂಟ್ರಲ್ ಎಂಜಿನ್ನಿನ ಸಂಪರ್ಕವನ್ನು ತಪ್ಪಿಸುತ್ತದೆಯೇ ಹೊರತು ಪಂಪನ್ನು ತಿರುಗಿಸುವುದಿಲ್ಲ.

ಮ್ಯಾನುಯಲ್ ಗೇರಿನ ಕಾರಾದರೆ ತೊಂದರೆ ಕಡಿಮೆ. ಆದರೂ ನಾಲ್ಕು ಚಕ್ರ ನೆಲದಲ್ಲಿಟ್ಟು ಎಳೆಯಬಹುದೇ, ಎಳೆಯುವುದಾದರೆ ಎಷ್ಟು ವೇಗದಲ್ಲಿ, ಎಷ್ಟು ದೂರ ಎಂಬುದನ್ನು ಆ ಕಾರಿನ ಕೈಪಿಡಿಯಲ್ಲಿ ನೋಡದೆ ನಾನು ಬಾರ್ ಕಟ್ಟುವುದಿಲ್ಲ. ಹಿಂದಿನ ಚಕ್ರಗಳಿಗೆ ಶಕ್ತಿ ಹೋಗುವ ಕಾರಾಗಿದ್ದರೆ ಆ ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಉದ್ದನೆಯ ದಂಡವಾದ ಪ್ರೊಪೆಲ್ಲರ್ ಶಾಫ್ಟನ್ನೇ ಬಿಚ್ಚಿ ಇಟ್ಟುಬಿಡುವುದು ನನ್ನ ರೂಢಿ. ಬಿಚ್ಚುವ ಮೊದಲು ಶಾಫ್ಟಿಗೂ ಅದು ಕೂಡುವ ಫ್ಲಾಂಜಿಗೂ (ಬೋಲ್ಟ್ ಹಾಕುವ ಬಿಲ್ಲೆಗೂ) ಸೇರಿಸಿ ಬಣ್ಣದಲ್ಲಿ ಒಂದು ಗೆರೆ ಎಳೆದುಕೊಂಡರೆ, ಮರಳಿ ಜೋಡಿಸುವಾಗ ಮೊದಲಿದ್ದ ಹಾಗೆಯೇ ಕೂರುತ್ತದೆ, ಓಡುವಾಗ ಅದುರುವುದಿಲ್ಲ. ಶಾಫ್ಟಿನ ಮುಂದಿನ ತುದಿ ಗೇರ್‌ಬಾಕ್ಸಿನಿಂದ ಜಾರಿ ಹೊರಬರುವ ಬಗೆಯದಾಗಿದ್ದರೆ ಆ ತೂತಿನಿಂದ ಆಯಿಲ್ ಸೋರುತ್ತದೆ. ಅದಕ್ಕೊಂದು ಬಿರಡೆ ಮೊದಲೇ ಸಿದ್ಧವಿರಬೇಕು.

ಬಾರನ್ನು ಬಂಪರಿಗೆ ಕಟ್ಟಬಾರದು, ಚಾಸಿಗೇ ಬಿಗಿಯಬೇಕು. ಸ್ಟೀರಿಂಗ್ ಲಾಕ್ ಬಿಡಿಸಿ, ಹ್ಯಾಂಡ್‌ಬ್ರೇಕ್ ಇಳಿಸಿ, ತಿರುವಿನಲ್ಲಿ ಮುಂದಿನ ಚಕ್ರಗಳು ತಾವಾಗಿಯೇ ಹೊರಳುತ್ತವೆಯೇ ಎಂದು ನಿಧಾನವಾಗಿ ಎಳೆದು ನೋಡಿದ ಮೇಲೆಯೇ ಹೆದ್ದಾರಿಗೆ ಇಳಿಯಬೇಕು. ಹಿಂದಿನ ಕಾರಿಗೆ ಪ್ರತ್ಯೇಕ ಬ್ರೇಕ್ ವ್ಯವಸ್ಥೆ ಅಳವಡಿಸದಿದ್ದರೆ ಅದರ ತೂಕವನ್ನೆಲ್ಲ ಎಳೆಯುವ ವಾಹನದ ಬ್ರೇಕೇ ತಡೆಯಬೇಕು, ಅದು ಎಂಥದ್ದೆಂಬುದು ಉದ್ದದ ಇಳಿಜಾರಿನಲ್ಲಿ ಚೆನ್ನಾಗಿ ಅರಿವಾಗುತ್ತದೆ. ಇನ್ನೊಂದು ತೊಡಕೆಂದರೆ ರಿವರ್ಸ್: ಹಿಂದಕ್ಕೆ ತಳ್ಳಿದೊಡನೆ ಎಳೆಸಿಕೊಳ್ಳುವ ಕಾರಿನ ಮುಂದಿನ ಚಕ್ರಗಳು ಒಂದು ಬದಿಗೆ ಪೂರ್ತಿ ಹೊರಳಿಕೊಂಡು ಬಾರನ್ನು ತಿರುಚುತ್ತವೆ. ಆದ್ದರಿಂದ ಮುಂದಕ್ಕೇ ಹೊರಬರಲು ದಾರಿಯಿಲ್ಲದ ಪೆಟ್ರೋಲ್ ಬಂಕಿಗೆ ನಾನು ನುಗ್ಗುವುದೇ ಇಲ್ಲ.

ಕಾರನ್ನೇ ಮೇಲೇರಿಸಿಕೊಳ್ಳುವ ಟ್ರೇಲರಿನಲ್ಲಿ ಗೇರ್‌ಬಾಕ್ಸಿನ, ಕಾರಿನ ಚಕ್ರ ಹೊರಳುವ ಚಿಂತೆಗಳಿಲ್ಲ, ಆದರೆ ತೂಕವಿದೆ. 1,200 ಕಿಲೋ ಕಾರನ್ನು 700 ಕಿಲೋ ಟ್ರೇಲರಿನ ಮೇಲೆ ಏರಿಸಿದರೆ ಎಳೆಯಬೇಕಾದದ್ದು 1,900 ಕಿಲೋ. ಎಳೆಯುವ ವಾಹನಕ್ಕೆ ನಿಗದಿಯಾದ ಮಿತಿ ಅದಕ್ಕಿಂತ ಕಡಿಮೆಯಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಅದರ ನಂತರ ಮುಖ್ಯವಾದದ್ದು ಕಾರನ್ನು ಎಲ್ಲಿ ನಿಲ್ಲಿಸುತ್ತೇವೆ ಎಂಬುದು. ಭಾರ ಹಿಂದಕ್ಕೆ ಹೆಚ್ಚಾದರೆ ವೇಗದಲ್ಲಿ ಟ್ರೇಲರಿನ ಬಾಲ ಅತ್ತಿತ್ತ ಬೀಸತೊಡಗುತ್ತದೆ. ಹಿಚ್ಚಿನ (ಟ್ರೇಲರನ್ನು ವಾಹನಕ್ಕೆ ಸೇರಿಸುವ ಕೊಂಡಿಯ) ಮತ್ತು ವಾಹನದ ಮಿತಿ ಮೀರದಂತೆ, ಒಟ್ಟು ತೂಕದ ಶೇಕಡಾ 10ರ ಆಸುಪಾಸು ಹಿಚ್ಚಿನ ಮೇಲೆ ಬೀಳುವ ಹಾಗೆ ಕಾರನ್ನು ಗೇಣುಗೇಣಾಗಿ ಹಿಂದೆಮುಂದೆ ಸರಿಸಿ ನೋಡುತ್ತೇನೆ. ಅಷ್ಟಾಗಿಯೂ ಬೀಸಾಟ ಶುರುವಾದರೆ ಸ್ಟೀರಿಂಗನ್ನು ನೇರವಾಗಿ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು; ಗಾಬರಿಯಿಂದ ಬ್ರೇಕ್ ಒತ್ತಿದರೆ ಅದು ಹೆಚ್ಚಾಗುತ್ತದೆ.

ಕಾರನ್ನು ಬಿಗಿಯುವಾಗ ಪಟ್ಟಿಗಳನ್ನು ಟೈರುಗಳ ಮೇಲೆಯೇ ಹಾಕುತ್ತೇನೆ, ಏಕೆಂದರೆ ಚಕ್ರ ಅಲುಗದಂತೆ ಹಿಡಿದಿದ್ದರೆ ಮೇಲಿನ ಬಾಡಿ ತನ್ನ ಸಸ್ಪೆನ್ಷನ್ನಿನ ಮೇಲೆ ಕುಣಿದರೂ ಪಟ್ಟಿ ಸಡಿಲವಾಗುವುದಿಲ್ಲ. ಹೊರಟ ಸ್ವಲ್ಪ ಹೊತ್ತಿಗೆ ಪಟ್ಟಿಗಳು ತುಸು ಹಿಗ್ಗುವುದು ಸಹಜವಾದ್ದರಿಂದ ಮೊದಲ ನಿಲುಗಡೆ ಬೇಗ ಬರಬೇಕು. ಅಲ್ಲಿ ರ‍್ಯಾಚೆಟ್ಟನ್ನು (ಪಟ್ಟಿ ಬಿಗಿಯುವ ಹಲ್ಲುಗಾಲಿಯನ್ನು) ಒಂದೆರಡು ಹಲ್ಲು ಬಿಗಿದು, ಟ್ರೇಲರಿನ ಒಂದೊಂದೇ ಹಬ್ಬಿನ (ಚಕ್ರದ ನಡುಭಾಗದ) ಬಳಿ ಅಂಗೈ ಹಿಡಿದು ನೋಡುತ್ತೇನೆ. ಎಲ್ಲವೂ ಒಂದೇ ಬಗೆಯಲ್ಲಿ ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಉಳಿದವಕ್ಕಿಂತ ಹೆಚ್ಚು ಬಿಸಿಯಿದ್ದರೆ ಅದರ ಬೇರಿಂಗ್ ಹೋಗುತ್ತಿದೆ, ಇಲ್ಲವೇ ಬ್ರೇಕ್ ಹಿಡಿದುಕೊಂಡಿದೆ.

ಹೀಗಾಗಿ ಎಳೆಯುವ ವಾಹನಕ್ಕೆ ಕಸುವಿದ್ದರೆ ದೂರದ ದಾರಿಗೆ ನನ್ನ ಒಲವು ಟ್ರೇಲರಿನ ಕಡೆಗೇ. ಆದರೆ ಮ್ಯಾನುಯಲ್ ಗೇರಿನ ಹಗುರ ಕಾರೊಂದನ್ನು ಕೊಂಡೊಯ್ದು ಒಪ್ಪಿಸಿಬಿಟ್ಟು ಬರುವುದಷ್ಟೇ ಕೆಲಸವಾದರೆ ಟೋ ಬಾರನ್ನೇ ಎತ್ತಿಕೊಳ್ಳುತ್ತೇನೆ. ಅದನ್ನು ಬಿಚ್ಚಿ ಡಿಕ್ಕಿಯಲ್ಲಿ ಹಾಕಿಕೊಂಡು ಬರಬಹುದು, ಖಾಲಿ ಟ್ರೇಲರನ್ನು ಅಷ್ಟು ದೂರ ಕುಣಿಸಿಕೊಂಡು ಹಿಂದಿರುಗುವ ಕಷ್ಟ ಇರುವುದಿಲ್ಲ.